ಅದ್ರಾಮ ತಂದ ಮೂರು ದುರ್ಬೀನುಗಳು

ಕೂಸಪ್ಪನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಇದು ಅವನೊಬ್ಬನಿಗೇ ಗೊತ್ತಿದ್ದ ಸಂಗತಿ. ಐವತ್ತೈದು ದಾಟಿದ ಮನುಷ್ಯನ ಕಣ್ಣಿಗೆ ಪೊರೆ ಬಂದರೆ ಅದರಲ್ಲಿ ನಾಚಿಕೆ ಏನು, ಹೇಳಿಬಿಟ್ಟರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಹೇಳಬಹುದಿತ್ತು. ಆದರೆ ಹೇಳಿದ ಮರುಗಳಿಗೆಯಲ್ಲೇ ಯಾರಾದರೊಬ್ಬರು 'ಯಾವಾಗಿನಿಂದ?' ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಅವನಲ್ಲಿ ಉತ್ತರವಿತ್ತು. ಅದನ್ನು ಬಾಯಿಂದ ಹೊರಗೆ ಹಾಕುವುದಕ್ಕಿಂತ ಸಾಯುವುದೇ ಮೇಲು ಎಂದು ಅವನು ಒಂದು ವರ್ಷದಿಂದ ಅಂದುಕೊಂಡಿದ್ದ.

ಗುತ್ತಿಗಾರಿನಿಂದ ಮೇಲೆ ಕಾಡಂಚಿನ ಅವರ ಊರಿನಲ್ಲಿ, ಬಿಸು ಹಬ್ಬ ಕಳೆದು ಮಳೆ ಹಿಡಿಯುವುದರೊಳಗೆ, ತೆಂಗಿನಕಾಯಿಗೆ ಕೋವಿಯಿಂದ ಈಡು ಹೊಡೆಯುವ ಪಂದ್ಯ ನಡೆಯುತ್ತಿತ್ತು. ಕೊಡಗಿನ ಕಡೆಯವರು ಮರದ ತುದಿಗೆ ಕಾಯಿ ಕಟ್ಟಿ ಹೊಡೆಯುತ್ತಾರೆ. ಇವರದು ಅದಕ್ಕಿಂತ ಜಂಬದ ಪಂದ್ಯ. ಗದ್ದೆಬಯಲಿನ ಈಚೆ ದಿಬ್ಬದ ಮೇಲೆ ಚಾಪೆ ಹಾಸಿ ಮಲಗಿ, ಬಯಲಿನಾಚೆ ಗುಡ್ಡದ ಬುಡದಲ್ಲಿ ಗೂಟಕ್ಕೆ ಕಟ್ಟಿದ ಕಾಯಿಗೆ ಹೊಡೆಯಬೇಕು. ಮುನ್ನೂರು ಗಜ! ಐವರ್ನಾಡು, ಅಜ್ಜಾವರದಿಂದೆಲ್ಲ ಕೋವಿ ಹೆಗಲಿಗೇರಿಸಿಕೊಂಡು ಬಂದು, ಮಣ್ಣಿಗೆ ಹೊಡೆದು ಮುಖ ಸಣ್ಣ ಮಾಡಿಕೊಂಡು ಹೋದವರೇ ಹೆಚ್ಚು.

ಈ ಪಂದ್ಯದಲ್ಲಿ ಎರಡು ಮನೆಗಳಿಗೆ ಎರಡು ಹಕ್ಕು. ಕಾಯಿ ಕಟ್ಟುವ ಹಕ್ಕು ದುಗ್ಗಪ್ಪನ ಮನೆಯದು, ಕಣ್ಣು ಹೇಳುವ ಹಕ್ಕು ಕೂಸಪ್ಪನ ಮನೆಯದು. ಕಾಯಿ ಕಟ್ಟುವವನು ಗೂಟದ ಪಕ್ಕದ ಬಂಡೆಯ ಹಿಂದೆ ಅಡಗಿರುತ್ತಾನೆ. ಹೊರಗೆ ಬರುವಾಗ ಬಿಳಿ ಬೈರಾಸನ್ನು, ಅಂದರೆ ಹೆಗಲಿನ ಟವೆಲನ್ನು, ಎರಡು ಕೈಯಲ್ಲೂ ತಲೆಯ ಮೇಲೆ ಎತ್ತಿ ಹಿಡಿಯಬೇಕು. ಒಳಗೆ ಹೋದ ಮೇಲೆ ಅದನ್ನು ಬಂಡೆಯ ಮೇಲೆ ಹಾಸಬೇಕು. ಈಚೆ ಚಾಪೆಯ ಪಕ್ಕ ನಿಂತ ಕಣ್ಣು ಹೇಳುವವನು, ಬೈರಾಸು ಬಂಡೆಯ ಮೇಲಿದೆ ಎಂದು ನೋಡಿಕೊಂಡು 'ಬಿಡಿ' ಎನ್ನಬೇಕು. ಅವನು ಹೇಳದೆ ಎಂಥ ಶೂರನೂ ಕೋವಿಯ ಕುದುರೆಗೆ ಬೆರಳು ತಾಗಿಸುವಂತಿಲ್ಲ.

ಕಳೆದ ವರ್ಷ, ಅಂದರೆ ಅರವತ್ತೊಂದನೇ ಇಸವಿಯಲ್ಲಿ, ಕೂಸಪ್ಪ 'ಬಿಡಿ' ಎಂದ. ಸೈನ್ಯದಿಂದ ಬಂದ ಹವಾಲ್ದಾರ್ ಸಂಕಪ್ಪ ಬಿಟ್ಟ. ಸಂಜೆಯ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು, ಗುಂಡು ಕಾಯಿಯಿಂದ ಒಂದು ಮೊಳ ಆಚೆ ಹೋಯಿತು. ಹಿಂದಿನ ಈಡು ಎಲ್ಲಿ ಬಿತ್ತೆಂದು ನೋಡಲು ದುಗ್ಗಪ್ಪ ಬಂಡೆಯ ಮರೆಯಿಂದ ಹೊರಗೆ ಬಂದಿದ್ದ. ಅವನಿದ್ದಲ್ಲಿಗೆ ಜನ ಓಡಿ ಮುಟ್ಟುವಾಗ ಉಸಿರು ಉಳಿದಿರಲಿಲ್ಲ. ದುಗ್ಗಪ್ಪ ಬೇರೆ ಯಾರೋ ಅಲ್ಲ, ಕೂಸಪ್ಪನ ಸ್ವಂತ ತಂಗಿ ಪೂವಮ್ಮನ ಗಂಡ.

"ಬೈರಾಸು ಎತ್ತಿದ್ದನಾ?" ಎಂದು ಊರಿನ ಹಿರಿಯರು ಕೇಳಿದರು.

"ಇಲ್ಲ. ಬಂಡೆಯ ಮೇಲೇ ಇತ್ತು" ಎಂದ ಕೂಸಪ್ಪ.

ಬೈರಾಸು ಹೆಣದ ಅಡಿಯಲ್ಲಿ ಸಿಕ್ಕಿತ್ತು. ಬೀಳುವಾಗ ಎಳೆದುಕೊಂಡಿರಬೇಕು ಎಂದರು. ಜನರನ್ನು ಹಿಂದೆ ಹಗ್ಗ ಕಟ್ಟಿ ನಿಲ್ಲಿಸಿದ್ದರಿಂದ ಮತ್ತೆ ಯಾರಿಗೂ ಏನೂ ಕಂಡಿರಲಿಲ್ಲ. ಕಣ್ಣು ಹೇಳುವ ಮನೆಯವನ ಮಾತಿನ ಮೇಲೆ ಇನ್ನೊಂದು ಮಾತುಂಟೇ? ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ದುಗ್ಗಪ್ಪನ ಅವಸರವೇ ದುಗ್ಗಪ್ಪನನ್ನು ತಿಂದಿತು ಎಂದು ಊರು ತೀರ್ಮಾನಿಸಿತು.

ನಿಜ ಏನೆಂದರೆ, ಕೂಸಪ್ಪನಿಗೆ ಆ ದಿನ ಬಂಡೆಯೇ ಕಂಡಿರಲಿಲ್ಲ. ಬಂಡೆ ಇರಬೇಕಾದಲ್ಲಿ ಏನೋ ಬೆಳ್ಳಗೆ ಕಂಡಿತ್ತು. ಹಾಸಿದ್ದೋ ಎತ್ತಿದ್ದೋ ಯಾರಿಗೆ ಗೊತ್ತು! ಅದಕ್ಕೂ ಹಿಂದಿನ ಎರಡು ವರ್ಷ ಅವನು ಹಾಗೆಯೇ ಅಂದಾಜಿನಲ್ಲಿ ಹೇಳಿ ದಾಟಿಸಿದ್ದ.

ಈ ವರ್ಷ ಪಂದ್ಯ ಬೇಡ ಎಂದವರೇ ಎಲ್ಲ. ಬೇಕು ಎಂದವಳು ಪೂವಮ್ಮ. ಒಂದು ವರ್ಷ ಕಾಯಿ ಕಟ್ಟದಿದ್ದರೆ ಹಕ್ಕು ಬೇರೆ ಮನೆಗೆ ಹೋಗುತ್ತದೆ, ಗಂಡನ ಜೀವದೊಂದಿಗೆ ಮನೆಯ ಮರ್ಯಾದೆಯೂ ಹೋಗುವುದು ಅವಳಿಗೆ ಬೇಡವಾಗಿತ್ತು. ಮಗ ಅಚ್ಚುತ ಇಪ್ಪತ್ತೆರಡರ ಆಳು, ಅಪ್ಪನ ಜಾಗದಲ್ಲಿ ತಾನು ಕೂರುತ್ತೇನೆ ಎಂದ. ಅದಕ್ಕೆ ಅವಳು ಒಂದು ಕಟ್ಟುಪಾಡು ಹಾಕಿದಳು. ಒಳ್ಳೆಯ ದುರ್ಬೀನು ಬರಬೇಕು. ಈಡು ಎಲ್ಲಿ ಬಿತ್ತೆಂದು ಈಚೆಯಿಂದಲೇ ಕಾಣಬೇಕು, ಅದನ್ನು ನೋಡಲೆಂದು ಅವಳ ಮಗ ಹೊರಗೆ ಬರಬಾರದು. ದುರ್ಬೀನು ಆರಿಸುವ ಕೆಲಸ ಅಣ್ಣನದೇ, ಯಾಕೆಂದರೆ ಕಣ್ಣು ಅವನದು!

ದುರ್ಬೀನು ತಂದವನು ಸುಳ್ಯ ಪೇಟೆಯ ಅದ್ರಾಮ. ಕಾಳುಮೆಣಸು ಮಂಗಳೂರಿಗೆ ಒಯ್ಯುವುದು, ಬಂದರಿನಿಂದ ಹಳೆಯ ಗಡಿಯಾರ, ಟ್ರಂಕು, ಹಡಗಿನವರು ಮಾರಿಹೋದ ಚಿಲ್ಲರೆ ಸಾಮಾನು ತರುವುದು ಅವನ ವ್ಯಾಪಾರ. ಅವನ ಬಾಯಿಗೆ ಬಿದ್ದರೆ ತುಕ್ಕು ಹಿಡಿದ ಮೊಳೆಯೂ ಬೆಳ್ಳಿಯಾಗುತ್ತಿತ್ತು. ಮೂರು ತಂದಿದ್ದ. ಒಂದನ್ನು ಇಟ್ಟುಕೊಂಡು ಎರಡನ್ನು ವಾಪಸು ಕೊಡಿ ಎಂದ.

ಆದಿತ್ಯವಾರ ಮಧ್ಯಾಹ್ನ ಊಟ ಮುಗಿಸಿ ಕೂಸಪ್ಪ, ಪೂವಮ್ಮ, ಸಂಕಪ್ಪ, ಅದ್ರಾಮ ನಾಲ್ವರೂ ದಿಬ್ಬದ ಮೇಲೆ ಸೇರಿದರು. ಪೂವಮ್ಮ ಪಕ್ಕದಲ್ಲೇ ಹಲಸಿನ ಹಪ್ಪಳ ಒಣಹಾಕಿ ಕಾಗೆ ಕಾಯುತ್ತಿದ್ದಳು. ಅಚ್ಚುತ ಗೋಣಿಯಲ್ಲಿ ಕಾಯಿ ಹಾಕಿಕೊಂಡು, ಹೊಸ ಬೈರಾಸು ಹೆಗಲಿಗೆ ಹಾಕಿಕೊಂಡು ಬಯಲು ದಾಟಿ ಹೋಗಿದ್ದ. ಸಂಕಪ್ಪ ವರ್ಷದ ಮೇಲೆ ಮೊದಲ ಬಾರಿ ಕೋವಿ ಹಿಡಿದಿದ್ದ. ಪೂವಮ್ಮನೇ ಹೋಗಿ ಕರೆದ ಮೇಲೆ ಬಂದವನು. ಚಾಪೆಯ ಮೇಲೆ ಮಲಗಿ, ಕೋವಿಯ ತೋಟೆಗಳನ್ನು ತೆಗೆದು ಎಣಿಸಿ ಮತ್ತೆ ಜೇಬಿಗೆ ಹಾಕುತ್ತಿದ್ದ.

ಪೂವಮ್ಮ ಹೊಸದೊಂದು ಕ್ರಮ ಮಾಡಿದ್ದಳು. ಪ್ರತಿ ಈಡಿನ ನಂತರ ಅಚ್ಚುತ ಬಂಡೆಯ ಹಿಂದಿನಿಂದ ಕೂ ಹಾಕಬೇಕು. ಕೂ ಕೇಳದೆ ಅವಳು ಕೂತಲ್ಲಿ ಕೂರುವವಳಲ್ಲ.

ಮೊದಲನೆಯದು ಹಿತ್ತಾಳೆಯದು. ಒಂದರೊಳಗೆ ಒಂದು ಸೇರುವ ಮೂರು ನಳಿಗೆ, ಎಳೆದರೆ ಕೈಯುದ್ದ.

"ಇದು ಹಡಗಿನ ಕಪ್ತಾನನದ್ದು ಗೌಡ್ರೆ. ಮೂವತ್ತು ಪಾಲು ಹತ್ತಿರ ತರ್ತದೆ. ಇದರಲ್ಲಿ ನೋಡಿದ್ರೆ ಕಾಯಿಯ ಜುಟ್ಟು ಲೆಕ್ಕ ಮಾಡ್ಬಹುದು" ಎಂದ ಅದ್ರಾಮ.

"ಹತ್ತಿರ ತಂದ್ರೆ ಸಾಕಾ ಮಾರಾಯ?" ಸಂಕಪ್ಪ ಮಲಗಿದಲ್ಲಿಂದಲೇ ಹೇಳಿದ. "ಬಿಸಿಲಿನ ಝಳವನ್ನೂ ಮೂವತ್ತು ಪಾಲು ಮಾಡ್ತದೆ ಅದು. ಕೈಯ ನಡುಕವನ್ನೂ ಮಾಡ್ತದೆ. ಮುಂದಿನ ಗಾಜು ಅಗಲ ಬೇಕು, ಕೆಳಗೆ ಗಟ್ಟಿ ಕಾಲು ಬೇಕು. ಪಾಲು ಕಡಿಮೆ ಆದ್ರೂ ಅಡ್ಡಿಲ್ಲ."

ಕೂಸಪ್ಪ ಅದನ್ನು ಗೇರುಮರದ ಕವೆಗೆ ಒರಗಿಸಿ ನೋಡಿದ. ಗಂಜಿಯ ತಿಳಿಯೊಳಗೆ ಇಣುಕಿದಂತಾಯಿತು. ಎಷ್ಟೋ ಮಳೆಗಾಲದ ಬೂಸು ಗಾಜಿನೊಳಗೆ ಹೂವಾಗಿ ಅರಳಿತ್ತು, ಅದಕ್ಕೆ ಅವನ ಕಣ್ಣಿನ ಪೊರೆಯೂ ಸೇರಿತ್ತು. ಎಲ್ಲೋ ಒಂದು ಕಡೆ ಬೆಳ್ಳಗೆ ಅಲುಗಾಡಿದ ಹಾಗೆ ಕಂಡಿತು.

"ಹೇಳು" ಎಂದ ಸಂಕಪ್ಪ.

ಆ ಬೆಳ್ಳಗಿನದು ಬೈರಾಸೇ ಇರಬೇಕು. ಹಾಸಿಯೇ ಇರಬೇಕು. ಹುಡುಗ ಬುದ್ಧಿವಂತ, ಸುಮ್ಮನೆ ಹೊರಗೆ ಬರುವವನಲ್ಲ. ಕೂಸಪ್ಪ ಮನಸ್ಸಿನಲ್ಲೇ ಹೀಗೆಲ್ಲ ಕಟ್ಟಿಕೊಂಡು 'ಬಿಡಿ' ಎಂದ. ಅಯ್ಯೋ ಮನುಷ್ಯನೇ, ಅದೇ ಬಾಯಿ, ಅದೇ ಮಾತು, ಆಚೆ ಕಡೆ ಕೂತದ್ದು ಅದೇ ಮನೆಯ ಇನ್ನೊಂದು ಜೀವ!

ಈಡಿನ ಸದ್ದು ಗುಡ್ಡಕ್ಕೆ ಬಡಿದು ವಾಪಸು ಬಂತು. ಅದರ ಹಿಂದೆಯೇ ಉದ್ದ ಕೂ ಕೇಳಿತು. 

"ಎಲ್ಲಿ ಬಿತ್ತು?" ಎಂದು ಸಂಕಪ್ಪ ಕೇಳಿದ.

"ಬಲಕ್ಕೆ. ಒಂದು ಗೇಣು" ಎಂದ ಕೂಸಪ್ಪ, ಬಾಯಿಗೆ ಬಂದದ್ದು.

ಅದ್ರಾಮ ನಳಿಗೆ ತೆಗೆದುಕೊಂಡು ಇಣುಕಿದ. "ಬಲಕ್ಕಾ? ನನಗೆ ಎಡಕ್ಕೆ ಮಣ್ಣು ಹಾರಿದ ಹಾಗೆ ಕಾಣ್ತದೆ ಗೌಡ್ರೆ. ಬೂಸು ಇದ್ದದ್ದಕ್ಕೆ ಹಾಗಾ ಏನ." ವ್ಯಾಪಾರಿ ಜಾಣ, ತಪ್ಪನ್ನು ತನ್ನ ಸಾಮಾನಿನ ಮೇಲೆಯೇ ಹಾಕಿಕೊಂಡ. ಹಿತ್ತಾಳೆಯದು ಚೀಲಕ್ಕೆ ಹೋಯಿತು.

ಎರಡನೆಯದು ಎರಡು ಕಣ್ಣಿನದು. ಯುದ್ಧದ ಕಾಲದಲ್ಲಿ ಯಾವನೋ ಬಿಳಿ ಆಫೀಸರನ ಕುತ್ತಿಗೆಯಲ್ಲಿ ನೇತಾಡಿದ್ದಂತೆ. ಬೆಳಕೇನೋ ಚೆನ್ನಾಗಿ ಬರುತ್ತಿತ್ತು, ಆದರೆ ಎಲ್ಲೋ ಬಿದ್ದು ಪೆಟ್ಟಾಗಿ ಎರಡು ನಳಿಗೆಗಳೂ ಎರಡು ದಾರಿ ಹಿಡಿದಿದ್ದವು. ಒಂದು ಬಂಡೆ ಇದ್ದಲ್ಲಿ ಎರಡು ಕಾಣುತ್ತಿದ್ದವು. ಕೂಸಪ್ಪನಿಗೆ ಎರಡು ಬಿಳಿ ಮಚ್ಚೆ. ಒಂದು ಮೇಲೆ, ಒಂದು ಕೆಳಗೆ.

"ಬಿಡಿ" ಎಂದ.

ಸದ್ದು ಬಂತು, ಹೋಯಿತು. ಕೂ ಬರಲಿಲ್ಲ.

ಪೂವಮ್ಮ ಎದ್ದು ನಿಂತಳು. ಕಾಗೆ ಓಡಿಸುವ ಕೋಲು ಅವಳ ಕೈಯಲ್ಲೇ ಇತ್ತು. ಸಂಕಪ್ಪ ಕೋವಿ ಬಿಟ್ಟು ಮೊಣಕಾಲೂರಿದ. ಕೂಸಪ್ಪ ಮಾತ್ರ ದುರ್ಬೀನನ್ನು ಕಣ್ಣಿಗೆ ಒತ್ತಿ ಹಿಡಿದುಕೊಂಡೇ ಇದ್ದ, ತೆಗೆದರೆ ತಂಗಿಯ ಮುಖ ನೋಡಬೇಕಾಗುತ್ತದಲ್ಲ. ಹತ್ತು ಉಸಿರಾಯಿತು, ಹದಿನೈದು ಉಸಿರಾಯಿತು. ಆಮೇಲೆ ಕೂ ಕೇಳಿತು, ಅದರ ಹಿಂದೆ ಅಚ್ಚುತನ ಬೈಗುಳವೂ ಕೇಳಿತು. ಬಂಡೆಯ ಬುಡದ ಕೆಂಪಿರುವೆ ಅವನ ಕಾಲಿಗೆ ಹತ್ತಿತ್ತು.

"ಅಣ್ಣ" ಎಂದಳು ಪೂವಮ್ಮ. ಸ್ವರ ಸಣ್ಣದಾಗಿತ್ತು. "ನೀನು ಬೈರಾಸು ನೋಡಿಯೇ ಹೇಳುದಲ್ವಾ?"

"ಮತ್ತೆಂತ, ಕಣ್ಣು ಮುಚ್ಚಿ ಹೇಳುದಾ?" ಕೂಸಪ್ಪ ರೇಗಿದ. ರೇಗಿದವನು ಗೇರುಮರ ಹಿಡಿದುಕೊಂಡ.

ಮೂರನೆಯದನ್ನು ಚೀಲದಿಂದ ತೆಗೆಯಲು ಅದ್ರಾಮನಿಗೇ ಮನಸ್ಸಿರಲಿಲ್ಲ. ಅದು ಜಾಗ ಅಳೆಯುವ ಸರ್ವೆಯವರ ಯಂತ್ರದ ನಳಿಗೆ. ಯಂತ್ರ ಹಾಳಾಗಿ ನಳಿಗೆಯೂ ಮೂರು ಕಾಲಿನ ಸ್ಟ್ಯಾಂಡೂ ಉಳಿದಿದ್ದವು. ಮುಂದಿನ ಗಾಜು ಅಗಲ, ಒಳಗೆ ಒಂದು ಚೂರು ಬೂಸಿಲ್ಲ.

"ಸಾಮಾನು ಒಂದನೇ ನಂಬ್ರ. ಆದ್ರೆ ಇದರಲ್ಲಿ ಎಲ್ಲ ತಲೆಕೆಳಗೆ ಕಾಣ್ತದೆ" ಎಂದ ಅವನು. "ನೆಟ್ಟಗೆ ಮಾಡ್ಲಿಕ್ಕೆ ಒಳಗೆ ಇನ್ನೂ ಗಾಜು ಹಾಕ್ಬೇಕಂತೆ. ಹಾಕಿದ್ರೆ ಬೆಳಕು ಕಮ್ಮಿ ಆಗ್ತದೆ ಅಂತ ಸರ್ವೆಯವರು ಹಾಗೇ ಬಿಡುದು. ನಾಲ್ಕು ದಿನ ನೋಡಿದ್ರೆ ಅಭ್ಯಾಸ ಆಗ್ತದೆ."

"ಥೂ, ಅದು ಬೇಡ" ಎಂದಳು ಪೂವಮ್ಮ. "ಸತ್ತವರಿಗೆ ಬಡಿಸುವಾಗ ಎಲೆ ತಿರುಗಿಸಿ ಹಾಕುದು. ಬದುಕಿದವರು ತಿರುಗಿಸಿ ನೋಡುದೆಂತಕ್ಕೆ?"

"ನೋಡಿ ಬಿಡುವ" ಎಂದ ಕೂಸಪ್ಪ. ಮಾತು ಬೇರೆ ಕಡೆಗೆ ತಿರುಗಿದರೆ ಸಾಕಾಗಿತ್ತು ಅವನಿಗೆ.

ಸ್ಟ್ಯಾಂಡು ಊರಿ, ಬಗ್ಗಿ, ಕಣ್ಣಿಟ್ಟ. ತಿರುಪನ್ನು ಒಂದಿಷ್ಟು ತಿರುಗಿಸಿದ. ಮರುಕ್ಷಣ ಅವನ ಬಾಯಿಂದ 'ಅಬ್ಬ' ಎಂದು ತಾನಾಗಿ ಬಂತು.

ಕಾಣುತ್ತಿತ್ತು! ಮೂರು ವರ್ಷದಿಂದ ಕಾಣದೇ ಇದ್ದ ಗುಡ್ಡ ಎಲೆ ಎಲೆಯಾಗಿ ಕಾಣುತ್ತಿತ್ತು. ಪೊರೆ ಬಂದ ಕಣ್ಣಿಗೆ ಹೀಗೆ ಹೇಗೆ ಕಂಡಿತು ಎಂದು ನನ್ನನ್ನು ಕೇಳಬೇಡಿ, ಕಂಡಿತು. ಮರಗಳು ಬೇರು ಮೇಲೆ ಮಾಡಿ ನೇತಾಡುತ್ತಿದ್ದವು. ಕಾಯಿ ಗೂಟದ ಕೆಳಗಿತ್ತು. ಬಂಡೆಯ ಅಡಿಗೆ ಬೈರಾಸು ಅಂಟಿಕೊಂಡಿತ್ತು, ಅದರ ಕೆಂಪು ಅಂಚು ಕೂಡ ಕಂಡಿತು. ಅಂದರೆ ಹಾಸಿದೆ. ಅಂದರೆ ಹುಡುಗ ಒಳಗಿದ್ದಾನೆ. ಕೂಸಪ್ಪನಿಗೆ ಖುಷಿಯಲ್ಲಿ ಅಳು ಬಂದಂತಾಯಿತು. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಈ ನಳಿಗೆ ಇದ್ದರೆ ಅವನು ಸಾಯುವ ತನಕ ಕಣ್ಣು ಹೇಳಬಹುದು, ಹಳೆಯದೆಲ್ಲ ಮಣ್ಣಿನಡಿಯೇ ಇರಬಹುದು.

ಆಗ ಗುಡ್ಡದ ಮೇಲೆ ಹಲಸಿನ ಮರದ ಹತ್ತಿರ ಒಬ್ಬ ಮನುಷ್ಯ ಕಂಡ.

"ಸಂಕಪ್ಪಣ್ಣ, ಸ್ವಲ್ಪ ನಿಲ್ಲಿ. ಮೇಲೆ ಹಲಸಿನ ಮರದ ಹತ್ತಿರ ಯಾರೋ ಉಂಟು."

ಸಂಕಪ್ಪ ತಲೆಯೆತ್ತಿ ನೋಡಿದ. ಅವನ ಕಣ್ಣು ಹದ್ದಿನದು. "ಯಾರೂ ಇಲ್ಲ ಮಾರಾಯ."

ಕೂಸಪ್ಪ ಮತ್ತೆ ಕಣ್ಣಿಟ್ಟ. ಮನುಷ್ಯ ಈಗ ಹಲಸಿನ ಮರದ ಹತ್ತಿರ ಇರಲಿಲ್ಲ, ಇಳಿಜಾರಿನ ಅರ್ಧಕ್ಕೆ ಬಂದಿದ್ದ. ನಡೆಯುವುದು ಕಂಡಿರಲಿಲ್ಲ, ಬಂದು ನಿಂತದ್ದು ಮಾತ್ರ ಕಂಡಿತು. ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲು ಕೂಸಪ್ಪನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಲೋಕವೇ ತಲೆಕೆಳಗಾದ ಮೇಲೆ ಅದರಲ್ಲಿರುವ ಮನುಷ್ಯನೂ ತಲೆಕೆಳಗಾಗಿ ಕಾಣಬೇಕು. ಇವನು ನೆಟ್ಟಗೆ ನಿಂತಿದ್ದ. ನೆಲ ಅವನ ತಲೆಯ ಮೇಲಿತ್ತು, ಆಕಾಶ ಅವನ ಕಾಲಿನ ಕೆಳಗಿತ್ತು. ಆದರೂ ತನ್ನ ಮನೆಯ ಜಗಲಿಯಲ್ಲಿ ನಿಂತಷ್ಟು ನಿರಾಳವಾಗಿ ನಿಂತಿದ್ದ.

ಕೂಸಪ್ಪ ಕಣ್ಣು ತೆಗೆದ. ಸುತ್ತ ಎಲ್ಲ ಹಾಗೆಯೇ ಇತ್ತು. ಹಪ್ಪಳ ಒಣಗುತ್ತಿತ್ತು, ಅದ್ರಾಮ ಟೊಪ್ಪಿ ತೆಗೆದು ತಲೆ ಒರೆಸಿಕೊಳ್ಳುತ್ತಿದ್ದ. "ನೀವು ಒಮ್ಮೆ ನೋಡಿ ಬ್ಯಾರಿಗಳೇ" ಎಂದು ಕೂಸಪ್ಪ ಅವನಿಗೆ ಹೇಳಿದ. ಅದ್ರಾಮ ಬಗ್ಗಿ ನೋಡಿದ, ಆ ಕಡೆ ಈ ಕಡೆ ತಿರುಗಿಸಿದ. "ಕಲ್ಲುಂಟು, ಕಾಯುಂಟು, ಬೈರಾಸುಂಟು. ಎಂತ ಚಂದ ಕಾಣ್ತದೆ! ಮನುಷ್ಯ ಅಂತ ಯಾರೂ ಇಲ್ಲ" ಎಂದು ಗಾಜನ್ನು ಅಂಗಿಯ ತುದಿಯಲ್ಲಿ ಒರೆಸಿ ಕೊಟ್ಟ.

ಕೂಸಪ್ಪ ಮೂರನೆಯ ಸಲ ಕಣ್ಣಿಟ್ಟ. ಇಡಬಾರದಿತ್ತು, ಆದರೆ ಇಟ್ಟ.

ದುಗ್ಗಪ್ಪ ಬಂಡೆಯ ಪಕ್ಕದಲ್ಲಿದ್ದ. ಅದೇ ಮೀಸೆ, ಅದೇ ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಮುಂಡು. ಎರಡು ಕೈಯಲ್ಲೂ ಬೈರಾಸನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ನೇರ ನಳಿಗೆಯೊಳಗೆ, ನೇರ ಕೂಸಪ್ಪನ ಕಣ್ಣಿಗೆ ನೋಡುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಬಸ್ಸಿಗೆ ಕೈ ತೋರಿಸಿ ನಿಂತವನ ಮುಖದಲ್ಲಿ, ಡ್ರೈವರನಿಗೆ ನಾನು ಕಂಡ್ನಾ ಇಲ್ವಾ ಎಂದು ಒಂದು ಆತಂಕ ಇರುತ್ತದಲ್ಲ, ಅಷ್ಟೇ ಇತ್ತು. ಬೈರಾಸನ್ನು ಒಮ್ಮೆ ಅಲುಗಿಸಿದ. ಕೈ ಸೋತವನ ಹಾಗೆ ಸ್ವಲ್ಪ ಇಳಿಸಿ, ಹೆದರಿ, ಮತ್ತೆ ಎತ್ತಿದ. ಒಂದು ವರ್ಷದಿಂದ ಅವನು ಅದನ್ನು ಹಾಗೆಯೇ ಎತ್ತಿ ಹಿಡಿದುಕೊಂಡಿದ್ದಾನೆ ಎಂದು ಕೂಸಪ್ಪನಿಗೆ ತಿಳಿಯಿತು.

"ಹೇಳು ಮಾರಾಯ. ಕೋವಿ ಹಿಡಿದು ಕೈ ಜೋಮು ಹಿಡೀತು" ಎಂದ ಸಂಕಪ್ಪ.

ಹೇಳಬಹುದಿತ್ತು. ಸತ್ತವನಿಗೆ ಗುಂಡು ತಾಗುವುದಿಲ್ಲ. ಹುಡುಗ ಬಂಡೆಯ ಹಿಂದೆ ಕ್ಷೇಮವಾಗಿದ್ದಾನೆ. 'ಬಿಡಿ' ಎಂದು ಒಂದು ಮಾತು ಹೇಳಿ, ಇದು ಬೇಡ ಎಂದು ನಳಿಗೆ ವಾಪಸು ಕೊಟ್ಟು, ಎರಡು ಕಣ್ಣಿನದನ್ನು ಇಟ್ಟುಕೊಂಡರಾಯಿತು. ಅದರಲ್ಲಿ ದುಗ್ಗಪ್ಪ ಕಾಣುವುದಿಲ್ಲ. ಅಚ್ಚುತನೂ ಕಾಣುವುದಿಲ್ಲ. ಮುಂದಿನ ಆದಿತ್ಯವಾರ ಪಂದ್ಯದಲ್ಲಿ ಮೂವತ್ತು ಈಡು, ಮೂವತ್ತು ಸಲ ಬಿಳಿ ಮಚ್ಚೆ ನೋಡಿ ಅಂದಾಜಿನಲ್ಲಿ ಬಿಡಿ, ಬಿಡಿ, ಬಿಡಿ.

"ಬಿಡಬೇಡಿ" ಎಂದ ಕೂಸಪ್ಪ.

"ಎಂತಾಯ್ತು?"

"ಬೈರಾಸು ಎತ್ತಿದ್ದಾರೆ."

"ಯಾರು? ಹುಡುಗ ಒಳಗೆ ಉಂಟಲ್ಲ."

"ಭಾವ" ಎಂದ ಕೂಸಪ್ಪ. ಕಣ್ಣು ನಳಿಗೆಯಿಂದ ತೆಗೆಯಲಿಲ್ಲ. "ಆ ದಿನವೂ ಎತ್ತಿದ್ರು. ನನಗೆ ಕಾಣ್ಲಿಲ್ಲ. ಬೈರಾಸು ಬಂಡೆಯ ಮೇಲಿತ್ತು ಅಂತ ನಾನು ಹೇಳಿದ್ದು ಸುಳ್ಳು. ನನಗೆ ಬಂಡೆಯೇ ಕಾಣ್ಲಿಲ್ಲ."

ಸಂಕಪ್ಪ ಕೋವಿಯಿಂದ ಕೈ ತೆಗೆದು ನಿಧಾನವಾಗಿ ಎದ್ದು ಕೂತ. "ಯಾವಾಗಿನಿಂದ?"

"ಮೂರು ವರ್ಷ ಆಯ್ತು."

 ಕಾಗೆಯೊಂದು ಬಂದು ಹಪ್ಪಳದ ಮೇಲೆಯೇ ಕೂತಿತು, ಪೂವಮ್ಮ ಓಡಿಸಲಿಲ್ಲ. ಸಂಕಪ್ಪ, "ವರ್ಷ ಇಡೀ ಅವನನ್ನು ಬೈದೆನಲ್ಲ ನಾನು. ಹಲ್ಕಟ್ಟು, ಬೈರಾಸು ಎತ್ತದೆ ಬಂದು ನನ್ನ ಕೈಯಿಂದ ಸತ್ತ ಅಂತ. ಸತ್ತವನನ್ನು ಬೈದೆನಲ್ಲಾ..." ಎಂದು ಮುಖ ಮುಚ್ಚಿಕೊಂಡ. ಅದ್ರಾಮ "ಯಾ ಅಲ್ಲಾ" ಎಂದು ನೆಲ ನೋಡಿದ.

ಪೂವಮ್ಮ ಅಳಲಿಲ್ಲ. ದಿಬ್ಬದ ತುದಿಗೆ ಹೋಗಿ, ಎರಡು ಕೈ ಬಾಯಿಗಿಟ್ಟು ಮಗನನ್ನು ಕರೆದಳು. ಅಚ್ಚುತ ಬೈರಾಸು ಎತ್ತಿ ಹಿಡಿದುಕೊಂಡೇ ಬಯಲಿಗೆ ಇಳಿದು ಬಂದ. ಅವನು ಬರುವ ತನಕ ಅವಳು ಅಣ್ಣನ ಕಡೆ ತಿರುಗಲಿಲ್ಲ. ಬಂದವನಿಗೆ ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದಳು. ಅಚ್ಚುತ ಮಾವನ ಮುಖ ನೋಡಿದ. ಕೂಸಪ್ಪನಿಗೆ ಆ ನೋಟ ಸರಿಯಾಗಿ ಕಾಣಲಿಲ್ಲ, ಅಷ್ಟರಮಟ್ಟಿಗೆ ಪೊರೆ ಒಳ್ಳೆಯದೇ ಮಾಡಿತು.

"ಇದರಲ್ಲಿ ನೋಡು" ಎಂದು ಪೂವಮ್ಮ ಮಗನನ್ನು ಮೂರನೆಯ ನಳಿಗೆಯ ಹಿಂದೆ ಕೂರಿಸಿದಳು. "ಕಾಣ್ತದಾ?"

"ತಲೆಕೆಳಗೆ ಕಾಣ್ತದೆ. ಆದ್ರೆ ಬಂಡೆಯ ಮೇಲಿನ ಇರುವೆ ಕೂಡ ಕಾಣ್ತದೆ."

"ಯಾರಾದ್ರೂ ಇದ್ದಾರಾ?"

ಅಚ್ಚುತ ತುಂಬ ಹೊತ್ತು ನೋಡಿದ. "ಇಲ್ಲ" ಎಂದ. "ಯಾರೂ ಇಲ್ಲ."

"ಹಾಗಾದ್ರೆ ಇದೇ ಇರಲಿ. ಇನ್ನು ಮುಂದೆ ಕಣ್ಣು ಹೇಳುದು ನೀನು." ಆಮೇಲೆ ಅವಳು ಅಣ್ಣನ ಕಡೆ ತಿರುಗಿದಳು. ಮಗನ ಹೆಗಲಿನ ಬೈರಾಸು ತೆಗೆದು ಅಣ್ಣನ ಕೈಯಲ್ಲಿಟ್ಟಳು. "ಕಾಯಿ ಕಟ್ಟುದು ನೀನು. ಹೋಗು."

"ಅಕ್ಕಾ, ದಮ್ಮಯ್ಯ, ಇವತ್ತು ಬೇಡ" ಎಂದ ಅದ್ರಾಮ.

"ಪರೀಕ್ಷೆ ಮುಗೀಲಿಲ್ಲ. ಸಂಕಪ್ಪಣ್ಣನ ಹತ್ರ ಇನ್ನೂ ತೋಟೆ ಉಂಟು" ಎಂದಳು ಪೂವಮ್ಮ. ಸಂಕಪ್ಪ ಕಣ್ಣೊರೆಸಿಕೊಂಡು ಅವಳನ್ನು ನೋಡಿದ, ಮತ್ತೆ ಚಾಪೆಯ ಮೇಲೆ ಮಲಗಿದ.

ಕೂಸಪ್ಪ ಹೊರಟ. ಬೈರಾಸನ್ನು ಎರಡು ಕೈಯಲ್ಲೂ ತಲೆಯ ಮೇಲೆ ಎತ್ತಿ ಹಿಡಿದು ಬಯಲು ದಾಟಿದ. ಬರಿಗಣ್ಣಿಗೆ ಗುಡ್ಡ ಮಂಜು ಮುಚ್ಚಿದ ಹಾಗಿತ್ತು. ಅರ್ಧ ದಾರಿಯಲ್ಲೇ ತೋಳು ಸೋತಿತು, ಆದರೂ ಇಳಿಸಲಿಲ್ಲ. ಇಷ್ಟು ಹೊತ್ತಿಗೇ ಹೀಗಾದರೆ ವರ್ಷವಿಡೀ ಹಿಡಿದವನಿಗೆ ಹೇಗಾಗಿರಬೇಡ ಎಂದುಕೊಂಡ.

ಗೂಟ ತಡವಿ ಹುಡುಕಿದ. ಕಾಯಿ ಗಟ್ಟಿ ಉಂಟೇ ಎಂದು ಮುಟ್ಟಿ ನೋಡಿದ. ಬಂಡೆಯ ಹಿಂದೆ ಬಂದು, ಬೈರಾಸನ್ನು ಅದರ ಮೇಲೆ ಹಾಸಿ, ಕುಕ್ಕರುಗಾಲಲ್ಲಿ ಕೂತ. "ತಪ್ಪಾಯ್ತು ಭಾವ" ಎಂದ. 

ಕೂತ ಮೇಲೆ ತಿಳಿಯಿತು, ಅವನ ಎಡಭುಜ ಬಂಡೆಯ ಮರೆಗೆ ಬಂದಿರಲಿಲ್ಲ. ಗೂಟದ ಕಡೆಗೆ, ಕಾಯಿಯಿಂದ ಮೊಳದಷ್ಟು ದೂರದಲ್ಲಿ, ಹೊರಗೆಯೇ ಉಳಿದಿತ್ತು. ಒಳಗೆ ಸರಿಯಲು ನೋಡಿದ, ಆಗಲಿಲ್ಲ. ಇಬ್ಬರು ಆರಾಮವಾಗಿ ಕೂರುವಷ್ಟು ದೊಡ್ಡ ಬಂಡೆ ಅದು, ಅಚ್ಚುತ ಗೋಣಿ ಇಟ್ಟುಕೊಂಡು ಕಾಲು ನೀಡಿ ಕೂತಿದ್ದ. ಕೂಸಪ್ಪ ಬಲಭುಜ ಒತ್ತಿದ. ಅದು ಕಲ್ಲಿಗೆ ತಾಗಲಿಲ್ಲ. ಇನ್ನೊಂದು ಭುಜಕ್ಕೆ ತಾಗಿತು. ಆ ಸುಡುಬಿಸಿಲಿನಲ್ಲೂ ಅದು ಬಾವಿಯ ಕಟ್ಟೆಯಷ್ಟು ತಣ್ಣಗಿತ್ತು.

ತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಬಯಲಿನಾಚೆ ಅಚ್ಚುತ ನಳಿಗೆಗೆ ಕಣ್ಣಿಟ್ಟು ನೋಡುತ್ತಿದ್ದಾನೆ. ಬಂಡೆಯ ಮೇಲಿನ ಇರುವೆಯೂ ಕಾಣುವ ನಳಿಗೆ ಅದು. ಹೊರಗೆ ಉಳಿದ ಭುಜ ಅವನಿಗೆ ಕಾಣದೇ? ಕೈಯೆತ್ತಿ ಕೂಗಬೇಕೆಂದು ಕೂಸಪ್ಪ ಬಾಯಿ ತೆರೆದ, ಸ್ವರ ಹೊರಡಲಿಲ್ಲ.  ಆಮೇಲೆ ಅಚ್ಚುತನ ಎಳೆಯ ಸ್ವರ ಸ್ಪಷ್ಟವಾಗಿ ಬಂತು.

"ಬಿಡಿ!"

ಕಾಣದೆ ಹೇಳಿದನೋ, ಕಂಡೇ ಹೇಳಿದನೋ.

ಇನ್ನು ಉಳಿದದ್ದು ಒಂದು ಉಸಿರಿನಷ್ಟು ಹೊತ್ತು. ಕೂಸಪ್ಪ ಕಣ್ಣು ಮುಚ್ಚಿ, ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳುವಂತೆ ಹೇಳಿದ: "ಭಾವ, ಸ್ವಲ್ಪ ಆಚೆ ಸರಿಯಿರಿ."

ಒಳಗೆ ಕೂತಿದ್ದವರು ಸರಿದು ಜಾಗ ಕೊಟ್ಟರು.